ಪೆಟ್ಟಿಗೆಯ ಹೊರ ಅಳತೆ

"ನಿಲ್ಲಿಸಿ!"

ತನ್ನ ಕೂಗು ಅವಳಿಗೇ ಅಪರಿಚಿತವಾಗಿ ಕೇಳಿಸಿತು. ಒಂದೂವರೆ ವರ್ಷದಿಂದ ಅವಳು ಯಾರ ಮೇಲೂ ದನಿ ಎತ್ತಿರಲಿಲ್ಲ.

ಅಷ್ಟರಲ್ಲಿ ಚಾಕು ತನ್ನ ಕೆಲಸ ಮುಗಿಸಿತ್ತು. ಅವಳು ತಂದಿದ್ದ ರಟ್ಟಿನ ಪೆಟ್ಟಿಗೆಯ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಸೀಳಿಹೋಗಿ, ಅದರ ಮಗ್ಗುಲು ಮೇಜಿನ ಮೇಲೆ ಮಗುಚಿ ಬಿದ್ದಿತ್ತು.

ಕಾರ್ಖಾನೆಯ ಮೂಲೆಯಲ್ಲಿ ಪಿನ್ ಹೊಡೆಯುತ್ತಿದ್ದ ಯಂತ್ರವೂ ಗಪ್ಪನೆ ನಿಂತಿತು. ಅದರ ಹಿಂದೆ ಕೂತಿದ್ದ ಹೆಂಗಸು ಕತ್ತು ಚಾಚಿ ನೋಡಿದಳು.

ಚಾಕು ಹಿಡಿದವನು ಕಕ್ಕಾಬಿಕ್ಕಿಯಾದ. "ಏನಾಯ್ತು ಮೇಡಂ? ಕೈಗೇನಾದ್ರೂ ತಾಗ್ತಾ?"

"ಯಾರನ್ನ ಕೇಳಿ ಕತ್ತರಿಸಿದ್ರಿ?"

"ಚಿಕ್ಕದು ಮಾಡಬೇಕು ಅಂತ ನೀವೇ ಅಂದ್ರಲ್ಲ!"

"ಬೇರೆ ಚಿಕ್ಕದು ಮಾಡಿಕೊಡಿ ಅಂದೆ. ಇದನ್ನ ಸೀಳಿ ಅನ್ನಲಿಲ್ಲ. ಇದು... ಇದು ನನ್ನ ಗಂಡ ಮಾಡಿಸಿದ್ದು."

ಅವನು ಬಗ್ಗಿ ನೋಡಿದ. ಮುಚ್ಚಳದ ಮೇಲೆ ಒಂದು ಪುಟ್ಟ ಲ್ಯಾಂಪ್‌ಶೇಡಿನ ಗೆರೆಚಿತ್ರ. ಅದರ ಕೆಳಗೆ ಕೈಬರಹದಲ್ಲೇ ಅಚ್ಚಾದ ಸಾಲು: 'ನಿಧಾನವಾಗಿ ಬಿಚ್ಚಿ. ಒಳಗೆ ಬೆಳಕಿದೆ.'

ಅವನ ಮುಖದ ಬಣ್ಣ ಬದಲಾಯಿತು. ಎರಡು ವರ್ಷದ ಹಿಂದೆ ತಾನೇ ಮಾಡಿಕೊಟ್ಟ ಪೆಟ್ಟಿಗೆ; ಆಗ ಅವನಿಗೆ ಅವಳು ಯಾರೆಂದು ತಿಳಿಯಿತು.

ಚಾಕು ಕೆಳಗಿಟ್ಟು, ಸೀಳಿದ ಮಗ್ಗುಲನ್ನು ಎರಡೂ ಕೈಯಲ್ಲಿ ಎತ್ತಿ, ಮೂಲೆಗೆ ಮೂಲೆ ಕೂಡಿಸಿ ಟೇಪ್ ಅಂಟಿಸತೊಡಗಿದ. ಅಷ್ಟು ದೊಡ್ಡ ಕೈಗಳು ಅಷ್ಟು ಮೆತ್ತಗೆ ಕೆಲಸ ಮಾಡುವುದನ್ನು ಅವಳು ಸಿಟ್ಟಿನ ನಡುವೆಯೂ ಗಮನಿಸಿದಳು.

"ಕ್ಷಮಿಸಿ. ಪೆಟ್ಟಿಗೆ ಕಂಡ್ರೆ ಬಿಚ್ಚಿ ನೋಡದೆ ಇರೋಕಾಗಲ್ಲ ನನಗೆ. ಕೆಟ್ಟ ಅಭ್ಯಾಸ."

"ಅವನ ಬುದ್ಧಿನೇ ಅಷ್ಟು ಕಣಮ್ಮ," ಮೂಲೆಯಿಂದ ಆ ಹೆಂಗಸು ದನಿಗೂಡಿಸಿದಳು. "ಹೆಣ್ಣು ನೋಡೋಕೆ ಅಂತ ಕರ್ಕೊಂಡು ಹೋದ್ರೆ, ಅವರ ಮನೆ ಬಾಗಿಲು ಎಷ್ಟು ಅಗಲ ಅಂತ ಅಳತೆ ಮಾಡ್ಕೊಂಡು ಬಂದ ಗಂಡಸು ಇವನು! ಹುಡುಗಿ ಹೇಗಿದ್ಲೋ ಅಂದ್ರೆ ನೆನಪಿಲ್ಲ ಅಂತಾನೆ!"

"ಅಕ್ಕಾ! ಸ್ವಲ್ಪ ಸುಮ್ನಿರ್ತೀಯಾ?"

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳೇನೋ. ನಗು ಎಲ್ಲಿಂದ ಶುರುವಾಗುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಅವನು ಪೆಟ್ಟಿಗೆಯೊಳಗಿನ ಶೇಡನ್ನು ಹೊರಗೆತ್ತಿದ. ಬಟ್ಟೆ ಹೊದೆಸಿದ ತಂತಿಯ ಚೌಕಟ್ಟು. ಹಗುರ. ಅದರ ಹೊಟ್ಟೆಯೊಳಗೆ ಕೈ ಆಡಿಸಿ, ಮೆಲ್ಲಗೆ ಹೇಳಿದ:

"ಬೇಜಾರು ಮಾಡ್ಕೋಬೇಡಿ ಮೇಡಂ. ಇದರಲ್ಲಿ ಮುಕ್ಕಾಲು ಪಾಲು ಗಾಳಿ. ನೀವು ಗಾಳಿ ತುಂಬಿಸಿ ಕಳಿಸ್ತಾ ಇದೀರಿ. ಅದಕ್ಕೆ ಬಾಡಿಗೆನೂ ಕಟ್ತಾ ಇದೀರಿ."

ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಆನ್‌ಲೈನ್ ಅಂಗಡಿಯವರು ತೂಕ ನೋಡುತ್ತಿರಲಿಲ್ಲ, ಪೆಟ್ಟಿಗೆಯ ಗಾತ್ರ ನೋಡುತ್ತಿದ್ದರು. ಗೋದಾಮಿನಲ್ಲಿ ಅದು ಹಿಡಿಯುವ ಜಾಗಕ್ಕೆ ಒಂದು ಶುಲ್ಕ, ಸಾಗಿಸುವುದಕ್ಕೆ ಇನ್ನೊಂದು. ಅವರಿಗೆಲ್ಲ ಕೊಟ್ಟು ಮುಗಿಸುವಷ್ಟರಲ್ಲಿ ಒಂದು ಶೇಡಿನಿಂದ ಅವಳ ಕೈಗೆ ಬರುತ್ತಿದ್ದುದು ದಾರದ ಉಂಡೆಗೂ ಸಾಲುತ್ತಿರಲಿಲ್ಲ.

"ಎಷ್ಟು ದಿನದಲ್ಲಿ ಆಗುತ್ತೆ?" ಅವಳು ಕೇಳಿದಳು.

"ಅವಸರವಾ?"

"ಈ ತಿಂಗಳು ಮುಗಿಯೋದರೊಳಗೆ. ಇಲ್ಲಾಂದ್ರೆ... ಬೇಕಾಗಿಲ್ಲ."

ಅವನು ಅವಳನ್ನೇ ದಿಟ್ಟಿಸಿದ. ಯಾಕೆ ಎಂದು ಕೇಳಲಿಲ್ಲ. ಕೇಳದೇ ಇದ್ದುದಕ್ಕೆ ಅವಳಿಗೆ ಒಳಗೊಳಗೇ ಸಮಾಧಾನವಾಯಿತು.

* * *

ಎರಡನೇ ಮಹಡಿಯ ಅವಳ ಮನೆಯಲ್ಲಿ ಹಗಲಲ್ಲೂ ದೀಪ ಉರಿಯುತ್ತಿತ್ತು.

ಹಜಾರದ ತುಂಬ ಮಡಿಸಿದ ಪೆಟ್ಟಿಗೆಗಳ ಕಟ್ಟು. ಗಂಡ ಸಾಯುವ ಮುಂಚೆ ಒಟ್ಟಿಗೇ ಮಾಡಿಸಿಟ್ಟಿದ್ದ ಸಾವಿರದ ಇನ್ನೂರು ಪೆಟ್ಟಿಗೆಗಳಲ್ಲಿ ಉಳಿದವು. ಕಿಟಕಿ ಮುಚ್ಚಿಹೋಗಿತ್ತು. ಅಡುಗೆಮನೆಯಿಂದ ಮಲಗುವ ಕೋಣೆಗೆ ಅಡ್ಡಡ್ಡ ನಡೆಯಬೇಕಿತ್ತು. ಅವಳು ಬೆಳಿಗ್ಗೆ ಎದ್ದು ಮೊದಲು ಮುಟ್ಟುತ್ತಿದ್ದುದು ರಟ್ಟು, ಕೊನೆಗೆ ಮುಟ್ಟುತ್ತಿದ್ದುದೂ ರಟ್ಟೇ.

ಒಂದು ಬೆಳಿಗ್ಗೆ ಆಫೀಸಿಗೆಂದು ಹೊರಟ ಗಂಡ ಬಸ್ಸಿನಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದ. ಹೃದಯ, ಎಂದರು ಡಾಕ್ಟರು. ಸಂಜೆಗಳಲ್ಲಿ ಅವನು ಹವ್ಯಾಸಕ್ಕೆಂದು ಶುರುಮಾಡಿದ್ದ ಲ್ಯಾಂಪ್‌ಶೇಡಿನ ವ್ಯಾಪಾರ ಈಗ ಅತ್ತೆ ಸೊಸೆಯರ ಅನ್ನವಾಗಿತ್ತು. ಅತ್ತೆ ಬಟ್ಟೆ ಹೊಲಿಯುತ್ತಿದ್ದರು, ಅವಳು ಚೌಕಟ್ಟಿಗೆ ಹೊದೆಸಿ ಕಳಿಸುತ್ತಿದ್ದಳು.

ಅಷ್ಟರಲ್ಲಿ ಭಾವ ಒಂದು ನಿರ್ಧಾರಕ್ಕೆ ಬಂದಿದ್ದರು. ಗಂಡನ ಅಣ್ಣ. ಒಳ್ಳೆಯ ಮನುಷ್ಯ. ಅದೇ ಕಷ್ಟ.

"ನೋಡಮ್ಮ, ಈ ತಿಂಗಳ ಕೊನೆಯವರೆಗೆ ನೋಡೋಣ. ವ್ಯಾಪಾರ ಕೈ ಹಿಡಿಯಲಿಲ್ಲ ಅಂದ್ರೆ ಮನೆ ಖಾಲಿ ಮಾಡಿ. ಅಮ್ಮನೂ ನೀನೂ ನಮ್ಮಲ್ಲಿಗೇ ಬಂದ್ಬಿಡಿ. ನಮ್ಮನೇಲಿ ನಿಮಗೇನು ಕಮ್ಮಿ? ನೀನು ಎಂ.ಎ. ಓದಿದೀಯ, ಮಕ್ಕಳಿಗೆ ಪಾಠ ಹೇಳ್ಕೊಡ್ತೀಯ. ಅಡುಗೆಯವಳನ್ನ ಬಿಡಿಸ್ತೀವಿ. ಮನೆಯವಳೇ ಇರುವಾಗ ಹೊರಗಿನವರು ಯಾಕೆ?"

ಅವಳು ಆ ಕೋಣೆಯನ್ನು ನೋಡಿ ಬಂದಿದ್ದಳು. ಅಡುಗೆಮನೆಯ ಹಿಂದೆ, ಬಟ್ಟೆ ಒಗೆಯುವ ಯಂತ್ರದ ಪಕ್ಕ ಎರಡು ಮಂಚ. ಯಂತ್ರ ತಿರುಗುವಾಗ ಮಂಚವೂ ನಡುಗುತ್ತಿತ್ತು.

ಅವಳಿಗೆ ಇಪ್ಪತ್ತೊಂಬತ್ತು. ಅಲ್ಲಿಗೆ ಹೋದರೆ ಆ ಮಂಚದ ಮೇಲೆಯೇ ಮೂವತ್ತು, ನಲವತ್ತು, ಐವತ್ತು...

ಯಾರಾದರೂ ಬೈದಿದ್ದರೆ ಎದುರಾಡಬಹುದಿತ್ತು. ಎಲ್ಲರೂ ಒಳ್ಳೆಯ ಮಾತಿನಲ್ಲೇ ಅವಳನ್ನು ಮೂಲೆಗೆ ತಳ್ಳುತ್ತಿದ್ದರು. ಒಳ್ಳೆಯ ಮಾತಿಗೆ ಏನಂತ ಉತ್ತರ ಕೊಡುವುದು?

* * *

ಮೂರನೇ ದಿನ ಮಧ್ಯಾಹ್ನ ಪೆಟ್ಟಿಗೆಯವನು ಮನೆಗೇ ಬಂದ. ಕೈಯಲ್ಲಿ ಅಳತೆಯ ಟೇಪು, ಕಿವಿಯ ಮೇಲೆ ಪೆನ್ಸಿಲು. ಬಾಗಿಲಲ್ಲೇ ನಿಂತು ಅದರ ಚೌಕಟ್ಟಿನ ಮೇಲೆ ಕೆಳಗೆ ಕಣ್ಣಾಡಿಸಿದ.

"ಏನಪ್ಪಾ ಅಂಗುಲಪ್ಪಾ, ಒಳಗೆ ಬರೋಕೆ ಸಾಲುತ್ತಾ, ಇಲ್ಲ ಗೋಡೆ ಒಡೀಬೇಕಾ?" ಹೊಲಿಗೆ ಯಂತ್ರದ ಹಿಂದಿನಿಂದ ಅತ್ತೆ ಕೇಳಿದರು.

ಅವತ್ತಿನಿಂದ ಅವನ ಹೆಸರು ಅದೇ ಆಯಿತು.

ಪೆಟ್ಟಿಗೆ ಚಿಕ್ಕದಾಗಬೇಕಾದರೆ ಮೊದಲು ಶೇಡು ಮಡಚಬೇಕು, ಎಂದ ಅವನು. ಮೇಲೊಂದು ತಂತಿಯ ಬಳೆ, ಕೆಳಗೊಂದು ಬಳೆ, ನಡುವೆ ಬೆಸುಗೆ ಹಾಕಿದ ಮೂರು ಸರಳು. ಆ ಬೆಸುಗೆ ತೆಗೆದು ಸರಳಿಗೆ ಕೊಕ್ಕೆ ಮಾಡಿದರೆ ಬಳೆಯ ಮೇಲೆ ಬಳೆ ಕೂರುತ್ತದೆ. ಬಟ್ಟೆ ನಡುವೆ ನೆರಿಗೆಯಾಗಿ ಮಲಗುತ್ತದೆ. ಮೊಳದಷ್ಟು ಎತ್ತರದ ಪೆಟ್ಟಿಗೆ ನಾಲ್ಕು ಬೆರಳಿಗೆ ಇಳಿಯುತ್ತದೆ.

ಅತ್ತೆಯ ಯಂತ್ರ ನಿಂತಿತು.

"ಆಗೋದಿಲ್ಲ. ಗಿರಾಕಿ ಪೆಟ್ಟಿಗೆ ಬಿಚ್ಚಿದ ಕೂಡಲೇ ದೀಪ ಹಾಕ್ಬೇಕು ಅಂತಿದ್ದ ನನ್ನ ಮಗ. ಈಗ ಅವರೇ ಕೂತು ಕೊಕ್ಕೆ ಸಿಕ್ಕಿಸಬೇಕಾ?"

"ಎರಡು ನಿಮಿಷದ ಕೆಲಸ ಅಮ್ಮಾ."

"ಯಾರು ಹೇಳಿದ್ದು ಎರಡು ನಿಮಿಷ ಅಂತ?"

"ನೀವೇ ಮಾಡಿ ನೋಡಿ."

ಅತ್ತೆ ಕನ್ನಡಕ ಏರಿಸಿ, ಮುಖ ಗಂಟಿಕ್ಕಿಕೊಂಡು ಕೂತರು. ಸರಳು ಸಿಕ್ಕಿಸಿದರು. ಬಟ್ಟೆ ಎಳೆದರು. ಶೇಡು ಎದ್ದು ನಿಂತಿತು. ಗೋಡೆಯ ಗಡಿಯಾರ ನೋಡಿ, ಸೋಲೊಪ್ಪಿಕೊಳ್ಳದ ದನಿಯಲ್ಲಿ ಹೇಳಿದರು:

"ಒಂದೂ ಮುಕ್ಕಾಲು ನಿಮಿಷ. ನೀನು ಹೇಳಿದ ಲೆಕ್ಕ ತಪ್ಪು."

ಅವಳು ನಕ್ಕಳು.

ಅತ್ತೆ ಅವಳ ಕಡೆ ತಿರುಗಿ, ಏನೋ ಬಿದ್ದು ಒಡೆಯಿತೇನೋ ಎಂಬಂತೆ ನೋಡಿದರು. ಅವನು ಮಾತ್ರ ತಲೆ ತಗ್ಗಿಸಿ, ಆಗಲೇ ಅಳೆದಿದ್ದ ಬಳೆಯನ್ನೇ ಮತ್ತೆ ಅಳೆದ.

ಆಮೇಲೆ ಅವನು ದಿನಾ ಬಂದ. ಟೇಪಿನ ಒಂದು ತುದಿ ಅವನ ಕೈಲಿ, ಇನ್ನೊಂದು ಅವಳ ಕೈಲಿ. ಹಳೇ ಪೆಟ್ಟಿಗೆಯ ಐದು ಪದರದ ರಟ್ಟು ಬೇಡ, ಶೇಡು ಮಡಚಿದ ಮೇಲೆ ಮೂರು ಪದರ ಸಾಕು, ಎಂದು ಬೆರಳಲ್ಲಿ ಒತ್ತಿ ತೋರಿಸಿದ. ರಟ್ಟಿನ ಪದರದೊಳಗಿನ ಅಲೆಗಳು ನಿಂತಂತೆ ಇರಬೇಕು, ಮಲಗಿದರೆ ಭಾರ ತಡೆಯುವುದಿಲ್ಲ, ಎಂದ. ಮೂರು ಗಂಟೆಗೆ ಬರುವವನು ಮೂರೂ ಹತ್ತಾದರೂ ಬಾರದಿದ್ದರೆ ಅವಳ ಕಿವಿ ಮೆಟ್ಟಿಲ ಕಡೆಗೇ ಇರುತ್ತಿತ್ತು.

ಛೇ... ಏನಿದು? ಗೋಡೆಯ ಮೇಲೆ ಗಂಡನ ಫೋಟೋ ಇದೆ. ಎದುರಿಗೆ ಅವನ ತಾಯಿ ಕೂತಿದ್ದಾರೆ. ನನಗೆ ನಾಚಿಕೆ ಇಲ್ಲವೇ?

ಆದರೂ ಮಾರನೇ ದಿನ ಮೂರು ಗಂಟೆಗೆ ಕಿವಿ ಮತ್ತೆ ಮೆಟ್ಟಿಲ ಕಡೆಗೇ ಹೋಗುತ್ತಿತ್ತು.

"ಹೊರಗಿನ ಉದ್ದ ಎಷ್ಟು ಬರುತ್ತೆ?" ಒಂದು ದಿನ ಅವಳು ಕೇಳಿದಳು.

"ನಾವು ಪೆಟ್ಟಿಗೆಯವರು ಹೊರಗಿನದು ಹೇಳಲ್ಲ ಮೇಡಂ. ಯಾವಾಗ್ಲೂ ಒಳ ಅಳತೆ. ಒಳಗೆ ಏನು ಕೂರುತ್ತೆ ಅನ್ನೋದೇ ನಮಗೆ ಮುಖ್ಯ. ಆದ್ರೆ ಆನ್‌ಲೈನ್‌ನೋರ ಯಂತ್ರ ನೋಡೋದು ಹೊರಗಡೆ. ನಲವತ್ತೈದು ಸೆಂಟಿಮೀಟರ್ ದಾಟಿದ್ರೆ ದೊಡ್ಡ ಸಾಮಾನು ಅಂತ ಬರ್ಕೋತಾರೆ, ಶುಲ್ಕ ಹೆಚ್ಚು ಕಮ್ಮಿ ಎರಡರಷ್ಟಾಗುತ್ತೆ. ಅದಕ್ಕೇ ಈ ಸಲ ಒಳಗೆ ನಲವತ್ನಾಲ್ಕು ಇಟ್ಟಿದೀನಿ. ರಟ್ಟು ಸೇರಿದ್ರೂ ನಲವತ್ತೈದರೊಳಗೆ."

ಅವಳ ಕೈ ನಿಂತಿತು.

"ಹಳೇ ಪೆಟ್ಟಿಗೆ?"

"ಆಂ?"

"ಹಳೇ ಪೆಟ್ಟಿಗೆ ಒಳಗೆ ಎಷ್ಟಿತ್ತು?"

ಅವಳು ಫೋನು ತೆಗೆದು, ಆನ್‌ಲೈನ್ ಅಂಗಡಿಯವರ ಹಳೆಯ ಅಳತೆಚೀಟಿ ಹುಡುಕಿದಳು. ಉದ್ದ: ನಲವತ್ತಾರು. ದೊಡ್ಡ ಸಾಮಾನು.

"ನಲವತ್ತಾರು..." ಅವಳು ಓದಿದಳು. "ಅಂದ್ರೆ ನೀವು ಒಳಗೆ ನಲವತ್ತೈದು ಇಟ್ಟು ಮಾಡಿದೀರಿ. ಒಂದು ಸೆಂಟಿಮೀಟರಿಗೆ ನಾವು ಇಷ್ಟು ದಿನ ಎರಡರಷ್ಟು ಕಟ್ಟಿದೀವಿ. ಗೆರೆ ಎಲ್ಲಿದೆ ಅಂತ ನಿಮಗೆ ಆಗಲೂ ಗೊತ್ತಿತ್ತಾ?"

ಅವನು ಅತ್ತೆಯತ್ತ ನೋಡಿದ. ಗೋಡೆಯ ಫೋಟೋ ನೋಡಿದ. ಕೊನೆಗೆ ತನ್ನ ಕೈಯ ಟೇಪಿನ ತುದಿಯನ್ನು ನೋಡಿದ.

"ಗೊತ್ತಿತ್ತು. ತಪ್ಪು ನನ್ನದೇ."

"ಅಯ್ಯೋ ಪಾಪೀ!" ಅತ್ತೆ ಎದ್ದೇ ಬಿಟ್ಟರು. "ನನ್ನ ಮಗ ನಂಬಿ ಕೊಟ್ಟಿದ್ನಲ್ಲೋ ನಿನಗೆ! ಅವನು ಬದುಕಿದ್ದಾಗಲೂ ಹೇಳ್ಲಿಲ್ಲ, ಸತ್ತ ಮೇಲೂ ಹೇಳ್ಲಿಲ್ಲ! ಈಗ ನಮ್ಮ ಮನೆಗೆ ಬಂದು ಟೀ ಕುಡೀತಾ ಕೂತಿದೀಯಾ?"

ಅವನು ಬಾಯಿಗೆ ಬೀಗ ಹಾಕಿಕೊಂಡವನಂತೆ ನಿಂತಿದ್ದ.

ಏನಾದರೂ ಹೇಳಿ... ಅವಳ ಮನಸ್ಸು ಕೂಗುತ್ತಿತ್ತು. ಮರೆತುಹೋಯಿತು ಅನ್ನಿ. ಕೆಲಸದವರು ತಪ್ಪು ಮಾಡಿದರು ಅನ್ನಿ. ಏನಾದರೂ!

ಅವನು ಕಿವಿಯ ಮೇಲಿನ ಪೆನ್ಸಿಲು ತೆಗೆದು ಜೇಬಿಗೆ ಹಾಕಿಕೊಂಡ.

"ಹೋಗಿ," ಅವಳೆಂದಳು. "ನಾಳೆಯಿಂದ ಬರೋದು ಬೇಡ."

ಅವನು ಮೆಟ್ಟಿಲಿಳಿಯುವ ಸದ್ದು ಕೊನೆಯವರೆಗೂ ಕೇಳಿಸಿತು. ಟೇಪು ಅವಳ ಕೈಯಲ್ಲೇ ಉಳಿದಿತ್ತು.

* * *

ಭಾನುವಾರ ಭಾವ ಬಂದರು. ಪೆಟ್ಟಿಗೆಗಳ ನಡುವೆ ಅಡ್ಡಡ್ಡ ನಡೆದು, ಅಂಗಿಗೆ ಹತ್ತಿದ ಧೂಳು ಕೊಡವಿಕೊಂಡರು.

"ಬುಧವಾರ ಗಾಡಿ ಕಳಿಸ್ತೀನಿ. ಈ ರಟ್ಟನ್ನೆಲ್ಲ ಗುಜರಿಗೆ ಹಾಕ್ಬಿಡಿ. ಏನಂತೀಯಮ್ಮ?"

"ಸರಿ ಭಾವ."

ಅಷ್ಟು ಸುಲಭವಾಗಿ ಬಂತು ಆ ಮಾತು. ಅವಳಿಗೇ ಆಶ್ಚರ್ಯವಾಯಿತು. ಮುಳುಗುವವರು ಕೈಕಾಲು ಬಡಿಯುತ್ತಾರೆ ಎನ್ನುತ್ತಾರೆ... ಅವಳಿಗೆ ಅದೂ ಬೇಡವಾಗಿತ್ತು.

ಅತ್ತೆ ಗುಜರಿ ಎಂಬ ಮಾತು ಕೇಳಿ ಎದ್ದು ಒಳಗೆ ಹೋದರು. ಹೊಲಿಗೆ ಯಂತ್ರದ ಸದ್ದು ಮಾತ್ರ ಬಹಳ ಹೊತ್ತು ಬಂತು. ಆಮೇಲೆ ಹೋಗಿ ನೋಡಿದರೆ ಸೂಜಿಯಲ್ಲಿ ದಾರವೇ ಇರಲಿಲ್ಲ.

* * *

ಸೋಮವಾರ ಬೆಳಿಗ್ಗೆ ಅವಳು ಅವನ ಟೇಪು, ಅವನು ಮಾಡಿದ ಮಾದರಿ ಚೌಕಟ್ಟು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಕಾರ್ಖಾನೆಗೆ ಹೋದಳು. ಲೆಕ್ಕ ಮುಗಿಸಿ ಬರಬೇಕು. ಯಾರ ಸಾಮಾನೂ ತನ್ನ ಬಳಿ ಇರಬಾರದು.

ಅವನು ಇರಲಿಲ್ಲ. ಅಕ್ಕ ಇದ್ದಳು. ಚೀಲ ನೋಡಿದಳು, ಅವಳ ಮುಖ ನೋಡಿದಳು.

"ಕೂತ್ಕೋ."

"ಬೇಡ, ಇದನ್ನ ಕೊಟ್ಟು..."

"ಕೂತ್ಕೋ ಅಂದೆ."

ಕೂತಳು. ಅಕ್ಕ ಕಪಾಟಿನಿಂದ ಒಂದು ದಪ್ಪ ಫೈಲು ತೆಗೆದು ಧೂಳು ಊದಿದಳು.

"ಅವನು ಆಣೆ ಹಾಕಿಸಿದಾನೆ, ತೋರಿಸಬೇಡ ಅಂತ. ನಾಲ್ಕು ದಿನದಿಂದ ಅನ್ನ ನೆಟ್ಟಗೆ ತಿಂತಾ ಇಲ್ಲ, ಯಾವ ಪೆಟ್ಟಿಗೆನೂ ನೆಟ್ಟಗೆ ಮಾಡ್ತಾ ಇಲ್ಲ. ಅವನ ಆಣೆ ಕಟ್ಕೊಂಡು ನಾನೇನು ಮಾಡ್ಲಿ? ಓದು."

ಅದು ಆರ್ಡರ್ ಹಾಳೆ. ಎರಡು ವರ್ಷ ಹಳೆಯದು. ಮೊದಲು ಪೆಟ್ಟಿಗೆಯವನ ಅಕ್ಷರ: 'ಒಳಗೆ 45 ಇಟ್ಟರೆ ಹೊರಗೆ 46 ಆಗುತ್ತೆ. ಆನ್‌ಲೈನ್ ಗೆರೆ ದಾಟುತ್ತೆ. ಒಳಗೆ 43.5 ಸಾಕು.' ಅದರ ಮೇಲೆ ಒಂದು ಅಡ್ಡಗೆರೆ.

ಕೆಳಗೆ ಇನ್ನೊಂದು ಕೈಬರಹ. ಅವಳಿಗೆ ಗೊತ್ತಿದ್ದ ಕೈಬರಹ. ಪೆಟ್ಟಿಗೆಯ ಮೇಲೆ ಸಾವಿರದ ಇನ್ನೂರು ಸಲ ಅಚ್ಚಾದದ್ದು.

'ಒಳಗೆ 45 ಇರಲಿ. ಶೇಡಿಗೆ ಉಸಿರಾಡೋಕೆ ಜಾಗ ಬೇಡವೇ? ಹೊರಗಿನದು ಎಷ್ಟಾದರೂ ಆಗಲಿ ಬಿಡಿ.'

ಕೆಳಗೆ ಗಂಡನ ಸಹಿ.

"ಮೂರು ಸಲ ಹೇಳಿದ ನನ್ನ ತಮ್ಮ," ಅಕ್ಕ ಹೇಳಿದಳು. "ನಿನ್ನ ಗಂಡ ನಕ್ಕುಬಿಟ್ಟ. ಒಂದು ಸೆಂಟಿಮೀಟರು ಯಾರು ನೋಡ್ತಾರೆ ಅಂದ. ಒಳ್ಳೆ ಮನುಷ್ಯ ಕಣಮ್ಮ ಅವನು. ಹೋಗುವಾಗ ನನಗೂ ಒಂದು ಶೇಡು ಕೊಟ್ಟು ಹೋದ."

ಅವಳು ಆ ಸಾಲನ್ನು ಮತ್ತೆ ಓದಿದಳು. ಅಕ್ಷರಗಳಲ್ಲಿ ಅವನ ದನಿ ಇತ್ತು. ಅವನು ಹೀಗೇ ಇದ್ದ. ಅಂಗಡಿಯಲ್ಲಿ ಚಿಲ್ಲರೆ ಎಣಿಸದೆ ಜೇಬಿಗೆ ಹಾಕಿಕೊಳ್ಳುತ್ತಿದ್ದ, ಬಸ್ಸು ಹೊರಟ ಮೇಲೆ ಓಡುತ್ತಿದ್ದ, ಎಲ್ಲದಕ್ಕೂ ಸ್ವಲ್ಪ ಹೆಚ್ಚು ಜಾಗ ಬಿಡುತ್ತಿದ್ದ. ಸತ್ತ ಮೇಲೆ ಎಲ್ಲರೂ ಸೇರಿ ತಿದ್ದಿ ತೀಡಿ ಫೋಟೋ ಮಾಡಿ ಗೋಡೆಗೆ ತೂಗುಹಾಕಿದ ಮನುಷ್ಯನಲ್ಲ ಇವನು. ತಪ್ಪು ಮಾಡುತ್ತಿದ್ದ, ನಗುತ್ತಿದ್ದ, ಅವಳ ಗಂಡ.

ಹಾಳೆಯ ಮೇಲೆ ಒಂದು ಹನಿ ಬಿತ್ತು. ಅದು ತನ್ನದೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅದೇ ಹೊತ್ತಿಗೆ ರಟ್ಟಿನ ಹಾಳೆಗಳ ಹೊರೆ ಹೊತ್ತು ಅವನು ಒಳಗೆ ಬಂದ. ಅವಳನ್ನೂ, ಹಾಳೆಯನ್ನೂ ಕಂಡ. ಹೊರೆ ಭುಜದಿಂದ ಜಾರಿತು.

"ಅಕ್ಕಾ! ಹೇಳಿದ್ನಲ್ಲ ನಿನಗೆ!"

"ಅವರನ್ನ ಯಾಕೆ ಗದರಿಸ್ತೀರಿ?" ಅವಳು ಎದ್ದು ನಿಂತಳು. ಕೆನ್ನೆ ಒರೆಸಿಕೊಳ್ಳಲಿಲ್ಲ. "ನನ್ನ ಗಂಡನ ತಪ್ಪನ್ನ ನನ್ನಿಂದ ಮುಚ್ಚಿಡೋಕೆ ನೀವು ಯಾರು?"

"ನಿಮಗೆ ನೋವಾಗಬಾರದು ಅಂತ..."

"ಎಲ್ಲರೂ ಅದನ್ನೇ ಹೇಳ್ತಾರೆ! ಅತ್ತೆ ನನ್ನ ಹತ್ತಿರ ಮಗನ ಸುದ್ದಿ ಎತ್ತಲ್ಲ, ನನಗೆ ನೋವಾಗುತ್ತಂತೆ. ಭಾವ ನನ್ನ ಏನೂ ಕೇಳಲ್ಲ, ನನಗೆ ಆಯಾಸ ಆಗುತ್ತಂತೆ. ಒಂದೂವರೆ ವರ್ಷದಿಂದ ಹತ್ತಿಯಲ್ಲಿ ಸುತ್ತಿ ಇಟ್ಟಿದೀರಿ ನನ್ನ! ಉಸಿರು ಕಟ್ತಾ ಇದೆ! ನೀವೊಬ್ಬರು... ನೀವೊಬ್ಬರೇ ನನ್ನ ಹತ್ತಿರ ಇದ್ದದ್ದು ಇದ್ದ ಹಾಗೆ ಮಾತಾಡಿದ್ದು. ಗಾಳಿ ಕಳಿಸ್ತಾ ಇದೀರಿ ಅಂದ್ರಿ. ಯಾರೂ ನನಗೆ ಹಾಗೆ ಹೇಳಿರ್ಲಿಲ್ಲ. ಅದಕ್ಕೇ ನಾನು..."

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಅದಕ್ಕೇ...?" ಅವನು ಕೇಳಿದ.

"ಅದಕ್ಕೇ ದಿನಾ ಮೂರು ಗಂಟೆಗೆ ಕಾಯ್ತಿದ್ದೆ!"

ಅಂದುಬಿಟ್ಟಳು. ಅಂದ ಮೇಲೆ ಭಯವಾಯಿತು. ಆದರೆ ಮಾತು ಹೊರಬಿದ್ದಾಗಿತ್ತು.

ಅವನು ಹೊರೆಯನ್ನು ದಾಟಿ ಎರಡು ಹೆಜ್ಜೆ ಮುಂದೆ ಬಂದ. "ಸುಳ್ಳು ಹೇಳಿದ್ದು ತಪ್ಪು. ಒಪ್ಕೋತೀನಿ. ಎದುರಿಗೆ ನಿಮ್ಮ ಅತ್ತೆ, ಗೋಡೆ ಮೇಲೆ ಆ ಫೋಟೋ... ನಾಲಿಗೆ ಹೊರಳಲಿಲ್ಲ. ಬೈಸ್ಕೊಂಡ್ರೆ ಮುಗೀತು ಅನ್ಕೊಂಡೆ. ನಿಮ್ಮ ಮನೆ ಮೆಟ್ಟಿಲು ಇಳಿದ ಮೇಲೆ ಗೊತ್ತಾಯ್ತು, ಮುಗಿಯೋ ಅಂಥದ್ದಲ್ಲ ಅಂತ."

"ಬುಧವಾರ ಗಾಡಿ ಬರುತ್ತೆ," ಅವಳೆಂದಳು. "ಅತ್ತೆ ಬೇಡ ಅಂದ್ರೆ ಮಾತ್ರ ನಿಲ್ಲುತ್ತೆ. ಅವರು ಈ ಹಾಳೆ ನೋಡಬೇಕು."

"ಅವರಿಗೆ..."

"ನೋವಾಗುತ್ತೆ. ಆಗ್ಲಿ. ಅವರ ಮಗ. ಅವನು ಹೇಗಿದ್ನೋ ಹಾಗೇ ಸಿಗಲಿ ಅವರಿಗೆ. ನೀವೂ ಬನ್ನಿ ನನ್ನ ಜೊತೆ."

* * *

ಅತ್ತೆ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ದೂರ ಹಿಡಿದು ಓದಿದರು.

ಅವನು ಬಾಗಿಲ ಬಳಿ ಅಪರಾಧಿಯಂತೆ ನಿಂತಿದ್ದ. ಅವಳು ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತಿದ್ದಳು.

"ಉಸಿರಾಡೋಕೆ ಜಾಗ ಬೇಡವೇ ಅಂತೆ..." ಅತ್ತೆಯ ತುಟಿ ಅದುರಿತು. "ಸ್ಕೂಲಲ್ಲೂ ಹೀಗೇ ಕಣೇ. ಒಂದು ಪುಟದಲ್ಲಿ ನಾಲ್ಕೇ ಸಾಲು ಬರೀತಿದ್ದ. ಮೇಷ್ಟ್ರು ಯಾಕೋ ಅಂದ್ರೆ, ಅಕ್ಷರಕ್ಕೆ ಇಕ್ಕಟ್ಟಾಗುತ್ತೆ ಸಾರ್ ಅಂದನಂತೆ. ವಾರಕ್ಕೊಂದು ನೋಟ್‌ಬುಕ್ ತಂದುಕೊಡೋ ಹೊತ್ತಿಗೆ ಸಾಕು ಸಾಕಾಗ್ತಿತ್ತು ನನಗೆ."

ನಕ್ಕರು. ನಗುತ್ತ ನಗುತ್ತ ಅಳತೊಡಗಿದರು. ಅವಳೂ ಅತ್ತಳು. ಇಬ್ಬರೂ ಒಬ್ಬರ ಎದುರು ಒಬ್ಬರು ಅತ್ತಿದ್ದು ಅದೇ ಮೊದಲು.

"ನೀನು ಅಳ್ತೀಯ ಅಂತ ನಾನು ಸುಮ್ನಿದ್ದೆ ಕಣೇ."

"ನೀವು ಅಳ್ತೀರಿ ಅಂತ ನಾನು ಸುಮ್ನಿದ್ದೆ ಅತ್ತೆ."

ಅತ್ತೆ ಮೂಗು ಒರೆಸಿಕೊಂಡು ಬಾಗಿಲ ಕಡೆ ತಿರುಗಿದರು. "ಏನಯ್ಯಾ, ಹಾಗೇ ಕಂಬದ ಹಾಗೆ ನಿಂತಿದೀಯ? ಅಷ್ಟು ಬೈದ್ನಲ್ಲ, ಬಾಯಿ ಬಿಟ್ಟು ಹೇಳೋಕೇನಾಗಿತ್ತು? ಬಂದು ಕೂತ್ಕೋ. ಈ ಹಳೇ ರಟ್ಟನ್ನ ಗುಜರಿಗೆ ಹಾಕೋಕೆ ನಾನು ಬಿಡಲ್ಲ. ಏನ್ ಮಾಡ್ಬಹುದು ಹೇಳು."

"ಕತ್ತರಿಸಬಹುದು ಅಮ್ಮಾ. ಐದು ಪದರ ಆದ್ರೂ ಒಳಗೆ ನಲವತ್ತಮೂರೂವರೆ ಇಟ್ರೆ, ಹೊರಗೆ ನಲವತ್ನಾಲ್ಕೂವರೆ. ಬಳೆ ಸರಿಯಾಗಿ ಕೂರುತ್ತೆ. ಚಿತ್ರ, ಬರಹ ಎರಡೂ ಮುಚ್ಚಳದ ಮೇಲೇ ಉಳಿಯೋ ಹಾಗೆ ಮಾಡ್ತೀನಿ. ಅಕ್ಕನೂ ನಾನೂ ಸೇರಿ ಹತ್ತು ದಿನದಲ್ಲಿ ಮುಗಿಸ್ತೀವಿ."

ಅತ್ತೆ ಕಟ್ಟುಗಳ ಕಡೆ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ಕಿಟಕಿಗೆ ಅಡ್ಡವಾಗಿದ್ದ ಮೊದಲ ಕಟ್ಟಿನ ದಾರವನ್ನು ತಾವೇ ಬಿಚ್ಚಿದರು.

"ತಗೊಂಡು ಹೋಗು. ನಿಧಾನವಾಗಿ ಕತ್ತರಿಸು."

ಸಂಜೆ ಅವಳು ಭಾವನಿಗೆ ಫೋನು ಮಾಡಿದಳು. "ಗಾಡಿ ಬೇಡ ಭಾವ. ನಾವು ಬರೋದಿಲ್ಲ."

"ಯಾಕಮ್ಮ? ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

"ಇಲ್ಲ ಭಾವ. ನನಗೆ ಇಷ್ಟ ಇಲ್ಲ."

ಅಷ್ಟೇ. ಆ ಮೂರು ಪದ ಹೇಳಲು ಅವಳಿಗೆ ಒಂದೂವರೆ ವರ್ಷ ಬೇಕಾಗಿತ್ತು.

ಆ ಕಡೆ ಭಾವ ಗಂಟಲು ಸರಿಮಾಡಿಕೊಂಡರು. "ಮಕ್ಕಳಿಗೆ ಲೆಕ್ಕದ ಪಾಠ..."

"ಭಾನುವಾರ ಕಳಿಸಿ. ಹೇಳ್ಕೊಡ್ತೀನಿ. ಇಲ್ಲಿ ಇನ್ಮೇಲೆ ಕೂರೋಕೆ ಜಾಗ ಇರುತ್ತೆ."

* * *

ಆನ್‌ಲೈನ್ ಅಂಗಡಿಯವರಿಗೆ ಹೊಸ ಅಳತೆಯ ಅರ್ಜಿ ಹಾಕಿ ನಾಲ್ಕನೇ ದಿನಕ್ಕೆ ಉತ್ತರ ಬಂತು. ಅವಳು ಫೋನು ಹಿಡಿದು ಮೆಟ್ಟಿಲಿಗೆ ಓಡಿದಾಗ, ಅವನು ಕಟ್ಟು ಹೊತ್ತು ಮೇಲೆ ಬರುತ್ತಿದ್ದ. ಇಬ್ಬರೂ ನಡುವಿನ ತಿರುವಿನಲ್ಲಿ ಎದುರಾದರು.

"ನಲವತ್ನಾಲ್ಕೂವರೆ!" ಅವಳು ಏದುಸಿರಲ್ಲಿ ಹೇಳಿದಳು. "ಸಣ್ಣ ಸಾಮಾನು ಅಂತ ಬರೆದಿದಾರೆ! ಶುಲ್ಕ ಅರ್ಧಕ್ಕಿಂತ ಕೆಳಗೆ!"

ಅವನು ಕಟ್ಟು ಕೆಳಗಿಟ್ಟ. ನಗುತ್ತಾನೆ ಅಂದುಕೊಂಡಳು. ನಗಲಿಲ್ಲ.

"ಯಾಕೆ? ಏನಾಯ್ತು?"

"ಏನಿದ್ರೂ ಇದ್ದ ಹಾಗೆ ಹೇಳಬೇಕು ಅಂದಿದ್ರಿ ಅಲ್ವಾ... ಎರಡು ಸುದ್ದಿ ಇದೆ."

ಅವಳು ಫೋನನ್ನು ಕೆಳಗಿಳಿಸಿದಳು. "ಹೇಳಿ."

"ನಿನ್ನೆ ಮೂವತ್ತು ಪೆಟ್ಟಿಗೆ ಹಾಳು ಮಾಡ್ದೆ. ಮಡಿಕೆಯ ಗೆರೆ ತಪ್ಪು ಕಡೆ ಹಾಕ್ದೆ. ನನ್ನದೇ ತಪ್ಪು. ಈ ಸಲ ನಿಜವಾಗ್ಲೂ ನನ್ನದೇ."

ಅವಳು ಉಸಿರು ಬಿಟ್ಟಳು. "ಇಷ್ಟು ವರ್ಷ ಇದೇ ಕೆಲಸ ಮಾಡಿದವರು... ಹೇಗೆ ತಪ್ಪಿದ್ರಿ?"

"ಅದು ಎರಡನೇ ಸುದ್ದಿ." ಅವನು ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದ, ಮತ್ತೆ ಅಲ್ಲೇ ಇಟ್ಟ. "ಕೆಲಸ ಮಾಡುವಾಗೆಲ್ಲ ನೀವೇ ನೆನಪಾಗ್ತೀರಿ. ನಿಮ್ಮನ್ನ ಪ್ರೀತಿಸ್ತೀನಿ. ಮದುವೆ ಆಗ್ತೀರಾ ಅಂತ ಕೇಳಬೇಕು ಅಂತಿದೀನಿ. ಇದು ಒಳ್ಳೆ ಸುದ್ದಿನೋ ಕೆಟ್ಟ ಸುದ್ದಿನೋ ನನಗೆ ಗೊತ್ತಾಗ್ತಾ ಇಲ್ಲ. ನೀವೇ ಹೇಳಬೇಕು."

ಮೇಲಿನಿಂದ ಅತ್ತೆಯ ದನಿ ಬಂತು. "ಅಂಗುಲಪ್ಪಾ! ಏನ್ ಹೇಳ್ತಿದೀಯೋ ಜೋರಾಗಿ ಹೇಳು! ಮುಖ್ಯವಾದ್ದು ಕೇಳಿಸ್ಲಿಲ್ಲ!"

ಅವನು ಬೆವರಿದ. ಅವಳಿಗೆ ನಗು ಬಂತು. ಜೊತೆಗೆ ಕಣ್ಣೂ ತುಂಬಿತು. ಎರಡನ್ನೂ ತಡೆಯಲಿಲ್ಲ.

"ನಾನೂ ಇದ್ದದ್ದು ಇದ್ದ ಹಾಗೆ ಹೇಳ್ಲಾ?"

"ಹೇಳಿ."

"ನಾನು ಅವರನ್ನ ಮರೆಯಲ್ಲ. ಕೆಲವು ದಿನ ಮಾತೇ ಆಡಲ್ಲ. ಅತ್ತೆಯನ್ನ ಬಿಟ್ಟು ಎಲ್ಲಿಗೂ ಬರಲ್ಲ. ಇಷ್ಟೆಲ್ಲ ಇದೆ ನನ್ನ ಹತ್ತಿರ."

"ಇರ್ಲಿ. ಯಾವುದನ್ನೂ ಕಮ್ಮಿ ಮಾಡ್ಕೊಂಡು ಬನ್ನಿ ಅಂತ ನಾನು ಕೇಳಲ್ಲ."

ಅವಳು ಒಂದು ಮೆಟ್ಟಿಲು ಕೆಳಗಿಳಿದು, ರಟ್ಟಿನ ಧೂಳು ಮೆತ್ತಿದ ಅವನ ಕೈಯನ್ನು ಹಿಡಿದಳು.

"ಹಾಗಾದ್ರೆ ಒಳ್ಳೆ ಸುದ್ದಿ," ಅಂದಳು.

"ನಿಜವಾಗ್ಲೂ?"

"ನಿಮ್ಮ ಹತ್ತಿರ ಸುಳ್ಳು ಹೇಳೋಕೆ ನನಗೆ ಬರಲ್ಲ."